ಹೆಸರಿನ ಮೇಲೆ ಕೂತ ಹದ್ದು

"ನನ್ನ ಹೆಸರಿನ ಮೇಲೆ ಹದ್ದು ಕೂರಿಸಿದ್ದು ನೀವೇನಾ?"

ಬಾಗಿಲು ಗೋಡೆಗೆ ಬಡಿದ ಸದ್ದಿನಲ್ಲಿ 'ಹದ್ದು' ಅನ್ನುವುದಷ್ಟೇ ಕೇಳಿಸಿ ಹಚ್ಚೆ ಅಂಗಡಿಯವನು ತಲೆ ಎತ್ತಿದ. ಎದುರಿಗೆ ಒಬ್ಬ ಹೆಂಗಸು ನಿಂತಿದ್ದಳು. ಸಿಟಿ ಬಸ್ ಡ್ರೈವರಿನ ಖಾಕಿ ಅಂಗಿ, ಮೊಣಕೈವರೆಗೆ ಮಡಚಿದ ತೋಳು, ಹಣೆಯ ಮೇಲೆ ಬೆವರು. ಮೂಗಿನ ಹೊಳ್ಳೆಗಳು ಅರಳಿ ಮುಚ್ಚುತ್ತಿದ್ದವು.

"ಕೂತ್ಕೊಳ್ಳಿ. ಯಾವ ಹದ್ದು?"

"ಕೂರೋಕೆ ಬಂದಿಲ್ಲ. ಎಡಗೈ ಮೇಲೆ, ಒಳಗಡೆ. ಕೆಳಗೆ ಒಂದು ಹೆಂಗಸಿನ ಹೆಸರಿತ್ತು. ಅದನ್ನ ಮುಚ್ಚಿ ರೆಕ್ಕೆ ಬಿಡಿಸಿದ್ದೀರಿ. ಕೊಕ್ಕು ಮಣಿಕಟ್ಟಿಗೆ ಬರುತ್ತೆ. ನೆನಪಾಯ್ತಾ?"

ಅವನಿಗೆ ನೆನಪಾಯಿತು. ಮುಖದ ಮೇಲೆ ಏನೋ ಮರುಕ ಹಾದುಹೋಯಿತು. ಅವಳಿಗೆ ಅದನ್ನು ಕಂಡು ಮತ್ತಷ್ಟು ಉರಿಯಿತು.

"ಹೌದು, ನಾನೇ ಹಾಕಿದ್ದು. ಆ ಹೆಸರಿನೋರು... ನಿಮಗೆ ಏನಾಗ್ಬೇಕಿತ್ತು?"

"ಏನಾಗ್ಬೇಕಿತ್ತು ಅಂದ್ರೆ? ಆ ಹೆಸರು ನಂದೇ."

ಅವನು ಕೈಗವಸು ಬಿಚ್ಚುತ್ತಿದ್ದವನು ಹಾಗೇ ನಿಂತ.

"ಅಂದ್ರೆ... ನೀವು ತೀರಿಕೊಂಡಿದ್ದೀರಿ ಅಂತ ಹೇಳಿದ್ರು ಅವರು."

ಅವಳು ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು.

ಗಂಡ ಬಿಟ್ಟುಹೋಗಿ ಆರು ವರ್ಷವಾಗಿತ್ತು. ಇನ್ನೊಬ್ಬಳ ಮನೆಗೆ ಅವನು ಪೆಟ್ಟಿಗೆ ಸಾಗಿಸಿದ ದಿನವೂ ಅವಳು ಡ್ಯೂಟಿ ತಪ್ಪಿಸಿರಲಿಲ್ಲ. ಕೋರ್ಟಿನ ಮೆಟ್ಟಿಲಲ್ಲೂ ಅತ್ತಿರಲಿಲ್ಲ. ಆದರೆ ಹಿಂದಿನ ದಿನ ಮಗಳ ಹೊಸ ಮನೆಯ ಗೃಹಪ್ರವೇಶದ ಊಟದಲ್ಲಿ ಅವನು ತಟ್ಟೆ ಹಿಡಿದು ತೋಳು ಮಡಚಿದಾಗ ಹದ್ದು ಕಂಡಿತ್ತು. ಮದುವೆಯಾದ ಹೊಸದರಲ್ಲಿ ಅವಳನ್ನೊಂದು ಮಾತು ಕೇಳದೆ ಬರೆಸಿಕೊಂಡು ಬಂದಿದ್ದ ಹೆಸರು ಅದು. ಈಗ ಕೇಳದೆಯೇ ಮುಚ್ಚಿಸಿದ್ದ. 'ಬರೆದವನೂ ಅವನೇ, ಅಳಿಸಿದವನೂ ಅವನೇ... ನಡುವೆ ನಾನು ಯಾರು? ಗೋಡೆಯಾ?'

ಹದ್ದು ಎಲ್ಲಿ ಹಾಕಿಸಿದ್ದೆಂದು ಮಗಳು ಬಾಯಿತಪ್ಪಿ ಹೇಳಿದ್ದಳು. ಬೆಳಗಿನ ಪಾಳಿ ಮುಗಿದದ್ದೇ ತಡ, ಅವಳು ಬಸ್ಸನ್ನು ಡಿಪೋದಲ್ಲಿ ನಿಲ್ಲಿಸಿ ನೆಟ್ಟಗೆ ಇಲ್ಲಿಗೆ ಬಂದಿದ್ದಳು.

"ತೀರಿಕೊಂಡೆ ಅಂದ್ನಾ?" ಅವಳ ದನಿ ತಣ್ಣಗಾಯಿತು. ಆ ದನಿ ಕೇಳಿದ್ದರೆ ಡಿಪೋದ ಮೆಕ್ಯಾನಿಕ್‌ಗಳು ಜಾಗ ಖಾಲಿ ಮಾಡುತ್ತಿದ್ದರು. "ಹೇಗಂತೆ ಸತ್ತಿದ್ದು?"

"ಕೇಳ್ಲಿಲ್ಲ. ನನ್ನ ಹೆಂಡತಿನೂ ಹೋಗಿ ಹತ್ತು ವರ್ಷ ಆಯ್ತು. ಪಾಪ, ಹೆಸರು ನೋಡಿದ್ರೆ ಸಂಕಟ ಆಗುತ್ತೇನೋ ಅಂದ್ಕೊಂಡೆ. ಟೀ ಕುಡಿಸಿ ಕಳಿಸಿದೆ."

"ನನ್ನ ಸಾವಿಗೆ ಟೀ ಕುಡಿಸಿದ್ರಾ?"

"ಎರಡು ಸಲ," ಎಂದ ಅವನು, ತಪ್ಪು ಒಪ್ಪಿಕೊಳ್ಳುವವನಂತೆ.

ಬೇರೆ ದಿನವಾಗಿದ್ದರೆ ಅವಳು ನಕ್ಕುಬಿಡುತ್ತಿದ್ದಳೋ ಏನೋ. ಈಗ ಕುರ್ಚಿ ಎಳೆದು ಕೂತು ಎಡಗೈ ಚಾಚಿದಳು.

"ಹಾಕಿ. ನನ್ನ ಹೆಸರು, ನನ್ನ ಕೈ ಮೇಲೆ. ಸತ್ತವಳೇ ಬಂದು ಹಾಕಿಸ್ಕೊಂಡ್ಲು ಅಂತ ಅವನಿಗೆ ಹೇಳಿ."

"ಇವತ್ತೇ ಬೇಕಾ? ಸ್ವಲ್ಪ ಯೋಚನೆ ಮಾಡಿ..."

"ನನ್ನ ಕೈ ಬಗ್ಗೆ ಯೋಚನೆ ಮಾಡೋಕೆ ನೀವ್ಯಾರು?"

ಅವನು "ಅದೂ ಸರಿ," ಎಂದು ಕಾಗದ ತೆಗೆದುಕೊಂಡ.

ಹಿಂದೆ ಅಂಗಡಿ ಬೋರ್ಡುಗಳ ಮೇಲೆ ಅಕ್ಷರ ಬರೆಯುತ್ತಿದ್ದ ಕೈ ಅದು. ಹೆಸರನ್ನು ಚೆಂದವಾಗಿ ಬರೆದ. ಅಚ್ಚು ಕಾಗದವನ್ನು ಅವಳ ಕೈಗೊತ್ತಿ ಎಬ್ಬಿಸಿದ. ಚರ್ಮದ ಮೇಲೆ ನೇರಳೆ ಬಣ್ಣದ ಗೆರೆಗಳಲ್ಲಿ ಅವಳ ಹೆಸರು ಮೂಡಿತು.

"ಇದಿನ್ನೂ ಬರೀ ಅಚ್ಚು, ಒರೆಸಿದ್ರೆ ಹೋಗುತ್ತೆ. ನೋಡ್ಕೊಂಡು ಹೇಳಿ. ಆಮೇಲೆ ಸೂಜಿ."

ಅವಳು ನೋಡಿಕೊಂಡಳು. ಕೈ ತಿರುಗಿಸಿ ಮತ್ತೊಮ್ಮೆ ನೋಡಿದಳು. ಅಕ್ಷರದಲ್ಲಿ ಒಂದು ಕುಂದಿರಲಿಲ್ಲ. ಆದರೂ ಊಟದ ಡಬ್ಬಿ ಕಳೆದುಹೋಗದಿರಲಿ ಎಂದು ಮುಚ್ಚಳಕ್ಕೆ ಹೆಸರು ಬರೆದ ಹಾಗಿತ್ತು.

"ಒರೆಸಿ."

"ಬೇರೆ ಥರ ಬರೀಲಾ?"

"ಹೆಸರೇ ಬೇಡ."

"ಸರಿ. ಮತ್ತೆ ಏನು ಬೇಕು ನಿಮಗೆ?"

ಮೂರ್ನಾಲ್ಕು ಪದದ ಪ್ರಶ್ನೆ. ಏನು ಬೇಡ ಎಂದು ಕೇಳಿದ್ದರೆ ಸಂಜೆಯವರೆಗೆ ಹೇಳುತ್ತಿದ್ದಳು. ಏನು ಬೇಕು... ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತು? ಕಣ್ಣು ಹನಿಯುವ ಸೂಚನೆ ಕಂಡ ಕೂಡಲೇ ಅವಳು ಎದ್ದಳು.

"ಗೊತ್ತಿಲ್ಲ," ಎಂದು ಗದರುವಂತೆ ಹೇಳಿ ಹೊರಟುಹೋದಳು.

*

ಆದರೆ ಮರುವಾರ ಮತ್ತೆ ಬಂದಳು. ಆಮೇಲೆ ಬರುತ್ತಲೇ ಇದ್ದಳು. ಪಾಳಿ ಮುಗಿಸಿ ಡಿಪೋದಿಂದ ಮನೆಗೆ ಹೋಗುವ ದಾರಿಯಲ್ಲೇ ಅಂಗಡಿ ಇತ್ತು ಎಂಬುದು ಅವಳು ತನಗೇ ಹೇಳಿಕೊಂಡ ನೆಪ. ನಿಜಕ್ಕೂ ಅದು ಎರಡು ಬೀದಿ ಸುತ್ತು.

ಅವನು ಚಿತ್ರಗಳ ಪುಸ್ತಕ ಮುಂದಿಡುತ್ತಿದ್ದ. ಅವಳು ಹಾಳೆ ತಿರುವುತ್ತಾ ಒಂದೊಂದಕ್ಕೂ ಬೈಯುತ್ತಿದ್ದಳು.

"ಹುಲಿ. ಈ ಹುಲಿಗೆ ಹಲ್ಲುನೋವಾ?"

"ಅದು ಘರ್ಜಿಸ್ತಿರೋದು."

"ನಮ್ಮ ಕಂಡಕ್ಟರ್ ಆಕಳಿಸಿದ್ರೆ ಹೀಗೇ ಇರ್ತಾನೆ. ಇದೇನು, ನವಿಲುಗರಿ? ಬೇಡ. ಗುಲಾಬಿ? ಯಾರಾದ್ರೂ ಕೊಟ್ಟಿದ್ರೆ ತಾನೇ ನೆನಪಿಗೆ ಹಾಕಿಸ್ಕೊಳ್ಳೋಕೆ."

ಅವನು ನಗುತ್ತಿರಲಿಲ್ಲ, ಟೀ ಕಾಯಿಸುತ್ತಿದ್ದ. ತನ್ನ ಹೆಂಡತಿಯ ಬಗ್ಗೆ ಒಮ್ಮೆ ಹೇಳಿದ. ಅವಳಿಗೆ ಕಾಯಿಲೆ ಬಂದಾಗ ಬೋರ್ಡು ಬರೆಯುವ ಕೆಲಸವೂ ನಿಂತಿತ್ತಂತೆ. ಊರಿಗೆಲ್ಲ ಪ್ಲಾಸ್ಟಿಕ್ ಬೋರ್ಡು ಬಂದಿತ್ತು. ಅವಳೇ ಹಟ ಹಿಡಿದು ಹಚ್ಚೆ ಕೆಲಸ ಕಲಿಯಲು ಅಟ್ಟಿದಳಂತೆ. ಕಲಿತು ಬರುವಷ್ಟರಲ್ಲಿ ಅವಳಿರಲಿಲ್ಲ.

"ಅವರ ಹೆಸರು ಹಾಕಿಸ್ಕೊಳ್ಲಿಲ್ವಾ ನೀವು?"

"ಅವಳಿಗೆ ಇಷ್ಟ ಆಗ್ತಿರ್ಲಿಲ್ಲ. ಗೋಡೆ ಮೇಲೆ ಬರೆದಿದ್ದು ಸಾಲದಾ, ಮೈ ಮೇಲೂ ಯಾಕೆ ಅಂತಿದ್ಲು."

'ಕೇಳಿದ್ದಾನೆ,' ಅಂದುಕೊಂಡಳು ಅವಳು. 'ಅವಳಿಗೆ ಇಷ್ಟವೋ ಇಲ್ಲವೋ ಎಂದು ಒಮ್ಮೆಯಾದರೂ ಕೇಳಿದ್ದಾನೆ...' ಹಾಗನ್ನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ಟೀ ಅರ್ಧಕ್ಕೆ ಬಿಟ್ಟು ಎದ್ದಳು.

ಮನೆಯಲ್ಲಿ ಸುದ್ದಿ ಹಬ್ಬಿತ್ತು. ಅಕ್ಕ ಫೋನಿನಲ್ಲೇ ಬೆನ್ನು ಹತ್ತಿದಳು.

"ಅರವತ್ತಕ್ಕೆ ಅರಳು ಮರಳು ಅಂತಾರೆ. ನಿನಗೆ ನಲವತ್ತೇಳಕ್ಕೇ ಬಂತಾ? ನಾಳೆ ಮೊಮ್ಮಗು ಎತ್ತಿಕೊಳ್ಳೋ ಕೈ ಕಣೇ ಅದು."

"ಮೂವತ್ತು ಸೀಟಿನ ಬಸ್ಸಲ್ಲಿ ಎಪ್ಪತ್ತು ಜನನ್ನ ಹೊತ್ಕೊಂಡು ಹೋಗೋ ಕೈನೂ ಇದೇ ಅಕ್ಕ. ಆಗ ಯಾರೂ ಕೇಳ್ಲಿಲ್ಲ."

"ಸಿಟ್ಟಲ್ಲಿ ಕೊಯ್ದ ಮೂಗು ಶಾಂತ ಆದ್ಮೇಲೆ ಬರಲ್ಲ."

"ಮೂಗಲ್ಲ, ಕೈ," ಎಂದು ಅವಳು ಫೋನಿಟ್ಟಳು.

ಅಕ್ಕನ ಮೇಲಿನ ಹಟಕ್ಕೆ ನಾಳೆಯೇ ಹಾಕಿಸಿಬಿಡೋಣ ಎನ್ನಿಸಿತು. ಆಮೇಲೆ, ಹಟಕ್ಕೆ ಹಾಕಿಸಿದರೆ ಅದು ಅಕ್ಕನ ಹಚ್ಚೆಯೇ ಆಗುತ್ತದಲ್ಲ ಎನ್ನಿಸಿತು. ಬೇಡವೆಂದು ಬಿಟ್ಟರೆ ಎಲ್ಲರೂ 'ನಾವು ಹೇಳಿದ್ದಕ್ಕೆ ಬುದ್ಧಿ ಬಂತು' ಅನ್ನುತ್ತಾರೆ. ಅತ್ತ ದರಿ, ಇತ್ತ ಪುಲಿ. ತನ್ನ ಸ್ವಂತದ ಒಂದು ಆಸೆ ಎಲ್ಲಿದೆಯೆಂದು ಹುಡುಕಲು ಇವರೆಲ್ಲರನ್ನೂ ಒಮ್ಮೆ ಬಸ್ಸಿನಿಂದ ಇಳಿಸಬೇಕಿತ್ತು.

*

ಇಳಿಸುವ ಮೊದಲೇ ಮಾಜಿ ಗಂಡ ಹತ್ತಿದ. ಮಧ್ಯಾಹ್ನ ಕೊನೆಯ ಸ್ಟಾಪಿನಲ್ಲಿ ಬಸ್ಸು ಖಾಲಿಯಾಗಿತ್ತು. ಕಂಡಕ್ಟರ್ ಊಟಕ್ಕೆ ಇಳಿದಿದ್ದ.

"ಹಚ್ಚೆ ಹಾಕಿಸ್ಕೊಳ್ತಿದ್ದೀಯಂತೆ. ನಿನ್ನ ಹೆಸರನ್ನ ನೀನೇ ಹಾಕಿಸ್ಕೊಳ್ಳೋಕೆ ಹೋಗಿದ್ಯಂತೆ. ನಗೆಪಾಟಲಾಗ್ಬೇಡ. ಅಂಗಡಿಯೋನ ಜೊತೆ ದಿನಾ ಟೀ ಬೇರೆ ಅಂತೆ."

ಸ್ಟೀರಿಂಗ್ ಮೇಲಿನ ಅವಳ ಬೆರಳುಗಳು ಬೆಳ್ಳಗಾದವು.

"ಸತ್ತವಳ ಜೊತೆ ಮಾತಾಡ್ತಿದ್ದೀಯಲ್ಲ, ಭಯ ಆಗಲ್ವಾ ನಿನಗೆ?"

ಅವನ ಮುಖ ಬಿಳಿಚಿತು. "ಅದು... ಸುಮ್ನೆ ಮಾತಿಗೆ ಅಂದೆ. ಇಲ್ಲಾಂದ್ರೆ ಇಲ್ಲದ ಕತೆಯೆಲ್ಲ ಹೇಳ್ಬೇಕಾಗಿತ್ತು."

"ನಾನು ಬದುಕಿರೋದು ಇಲ್ಲದ ಕತೆನಾ? ಇಳಿ. ಟಿಕೆಟ್ ಇಲ್ಲದೋರನ್ನ ಕೂರಿಸ್ಕೊಳ್ಳಲ್ಲ ನಾನು."

ಅವನು ಇಳಿದ. ಆದರೆ ಅವನ ಮಾತು ಇಳಿಯಲಿಲ್ಲ. ಹೆಸರಿನ ಸಂಗತಿ, ಟೀ ಸಂಗತಿ... ಇವನಿಗೆ ಹೇಳಿದವರು ಯಾರು? ಇನ್ಯಾರು, ಆ ಅಂಗಡಿಯವನೇ. ಇಬ್ಬರೂ ಟೀ ಕುಡಿದವರು ತಾನೇ. ತನ್ನನ್ನು ಕೂರಿಸಿಕೊಂಡು ಮರುಕದ ಮುಖ ಮಾಡಿ, ಹಿಂದಿನಿಂದ ನಕ್ಕಿದ್ದಾರೆ.

ಸಂಜೆ ಅಂಗಡಿಯ ಬಾಗಿಲು ಮತ್ತೆ ಗೋಡೆಗೆ ಬಡಿಯಿತು.

"ಎಷ್ಟು ನಕ್ರಿ ಇಬ್ರೂ ಸೇರ್ಕೊಂಡು?"

ಅವನು ಕೇಳಿಸಿಕೊಂಡ. ಅವಳು ನಿಲ್ಲಿಸುವವರೆಗೂ ಕೇಳಿಸಿಕೊಂಡು, "ನಾನು ಯಾರಿಗೂ ಏನೂ ಹೇಳಿಲ್ಲ," ಎಂದ.

"ನಂಬಬೇಕಾ? ನೀವೆಲ್ಲ ಒಂದೇ. ಬರೀತೀರಿ, ಅಳಿಸ್ತೀರಿ, ಸಾಯಿಸ್ತೀರಿ."

ಆಗ ಅವನು ಎದ್ದು ನಿಂತ. ಅಷ್ಟು ದಿನ ಏರದಿದ್ದ ದನಿ ಏರಿತು.

"ನಿಲ್ಲಿ. ಹದ್ದು ಹಾಕಿದ್ದು ನಾನು. ಒಂದು ಮಾತು ವಿಚಾರಿಸಲಿಲ್ಲ, ಅದು ನನ್ನ ತಪ್ಪು. ಅದಕ್ಕೆ ನೀವು ಬೈದಿದ್ದನ್ನೆಲ್ಲ ಹೊತ್ಕೊಂಡೆ. ಆದ್ರೆ ನನ್ನನ್ನ ಸುಳ್ಳುಗಾರ ಅಂದ್ರೆ ಹೊರಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಿದ್ದೀರಿ ನೀವು. ಎಮ್ಮೆಗೂ ಸುಡುತ್ತೆ."

ಅವನ ಕಣ್ಣು ಕೆಂಪಾಗಿತ್ತು. ಈ ಸಲ ಅವಳು ಬಾಗಿಲನ್ನು ಬಡಿಯದೆ ಎಳೆದುಕೊಂಡು ಹೋದಳು.

*

ಭಾನುವಾರ ಮಗಳು ಬಂದಳು. ಅಡುಗೆಮನೆ ಕಟ್ಟೆಗೆ ಒರಗಿ, ಉಗುರು ನೋಡಿಕೊಳ್ಳುತ್ತಾ ಮಾತು ತೆಗೆದಳು.

"ಅಮ್ಮಾ, ಅಪ್ಪ ಬಂದಿದ್ರಾ? ನಾನೇ ಹೇಳಿದ್ದೆ. ದೊಡ್ಡಮ್ಮ ಹೇಳಿದ್ರೆ ನೀನು ಕೇಳಲ್ಲ, ಅಪ್ಪ ಹೇಳಿದ್ರಾದ್ರೂ ಕೇಳ್ತೀಯೇನೋ ಅಂತ... ಅತ್ತೆ ಮನೆಯೋರೆಲ್ಲ ಏನಂದ್ಕೋತಾರೆ ಅಂತ ನನಗೂ..."

ಅಮ್ಮ ತೊಳೆಯುತ್ತಿದ್ದ ಪಾತ್ರೆ ಸಿಂಕಿಗೆ ಬಿತ್ತು.

"ಟೀ ವಿಷಯ?"

"ನೀನೇ ಅಂದಿದ್ಯಲ್ಲ, ಆ ಮನುಷ್ಯ ಟೀ ಚೆನ್ನಾಗಿ ಮಾಡ್ತಾನೆ ಅಂತ. ಅದನ್ನೂ..."

"ನನಗೆ ಬುದ್ಧಿ ಹೇಳೋಕೆ ಅವನನ್ನ ಕಳಿಸಿದ್ಯಾ ನೀನು?" ಅವಳು ನಲ್ಲಿ ನಿಲ್ಲಿಸಿ ಮಗಳತ್ತ ತಿರುಗಿದಳು. "ನಾನು ಸತ್ತುಹೋದೆ ಅಂತ ಊರಿಗೆ ಹೇಳಿ ನನ್ನ ಹೆಸರಿನ ಮೇಲೆ ಹದ್ದು ಹಾಕಿಸ್ಕೊಂಡೋನನ್ನ?"

ಮಗಳು ತಲೆ ಎತ್ತಿದಳು. "ಅಪ್ಪ... ಹಾಗಂದ್ರಾ?"

"ಅಂಗಡಿಯೋರನ್ನೇ ಕೇಳು. ಸಂತಾಪ ಸೂಚಿಸಿದ್ದಾರೆ."

ಮಗಳು ಹತ್ತಿರ ಬಂದು ಅಮ್ಮನ ಒದ್ದೆ ಕೈಯನ್ನು ಹಿಡಿದುಕೊಂಡಳು.

"ನನಗೆ ಈಗ್ಲೂ ಹಚ್ಚೆ ಇಷ್ಟ ಇಲ್ಲಮ್ಮ. ಆದ್ರೆ ಇನ್ಮೇಲೆ ಯಾರ ಹತ್ರಾನೂ ನಿನ್ನ ಮೇಲೆ ಚಾಡಿ ಹೇಳಲ್ಲ."

ಅಷ್ಟಾದರೂ ಸಾಕಿತ್ತು. ಅಂಗಡಿಯವನ ಕೆಂಪಾದ ಕಣ್ಣು ಮಾತ್ರ ರಾತ್ರಿಯಿಡೀ ಅವಳ ಕಣ್ಣಿಗೆ ಕಟ್ಟಿತು. 'ಎಮ್ಮೆಗೂ ಸುಡುತ್ತೆ...'

*

ಅವಳಿಗೆ ಕ್ಷಮೆ ಕೇಳಿ ಅಭ್ಯಾಸವಿರಲಿಲ್ಲ. ಹೊಸ್ತಿಲ ಹೊರಗೇ ನಿಂತು, ಟೈರಿನ ಗಾಳಿ ಬಿಟ್ಟಂತೆ ಒಂದೇ ಉಸಿರಿಗೆ ಹೇಳಿದಳು.

"ಹೇಳಿದ್ದು ನನ್ನ ಮಗಳು. ನೀವಲ್ಲ. ನಾನು ಅಂದಿದ್ದು ತಪ್ಪು."

ಅವನು ಸೂಜಿಗಳನ್ನು ಜೋಡಿಸುತ್ತಲೇ ಇದ್ದ. "ನನಗಿನ್ನೂ ಸಿಟ್ಟಿದೆ."

"ಇರ್ಲಿ. ಕಾಯ್ತೀನಿ."

ಬೆಂಚಿನ ಮೇಲೆ ಕೂತು ಅವಳು ನಿಜವಾಗಿಯೂ ಕಾದಳು. ಅವನು ಮೇಜು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಆಮೇಲೆ ಕುರ್ಚಿ ಎಳೆದುಕೊಂಡು ಅವಳೆದುರು ಕೂತ.

"ಏನು ಬೇಕು ಅಂತ ಗೊತ್ತಾಯ್ತಾ?"

"ಆಯ್ತು. ಒಂದು ತಿರುವು."

ಅವನು ಹುಬ್ಬೇರಿಸಿದ. ಅವಳು ಹೇಳತೊಡಗಿದಳು. ನೀರಿನ ಟ್ಯಾಂಕಿನ ಹಿಂದಿನ ಇಳಿಜಾರಿನಲ್ಲಿ ಒಂದು ಕಡಿದಾದ ತಿರುವಿದೆ. ಹಳೆಯ ಡ್ರೈವರ್‌ಗಳೂ ಅಲ್ಲಿ ಒಮ್ಮೆ ರಿವರ್ಸ್ ತೆಗೆದುಕೊಳ್ಳುತ್ತಾರೆ. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹೆಂಗಸಿನ ಕೈಲಿ ಏನಾಗುತ್ತೋ ನೋಡೋಣ ಎಂದು ಬೇಕಂತಲೇ ಆ ರೂಟು ಕೊಟ್ಟಿದ್ದರು. ನೋಡಲು ನಾಲ್ಕು ಜನ ಹೋಗಿ ನಿಂತಿದ್ದರು. ಅವಳು ಒಂದೇ ಪಟ್ಟಿಗೆ ತಿರುಗಿಸಿ ಇಳಿಸಿದಳು.

"ಯಾರೂ ಚಪ್ಪಾಳೆ ತಟ್ಲಿಲ್ಲ. ಮನೆಗೆ ಬಂದು ಅವನಿಗೆ ಹೇಳಿದೆ. 'ಬಸ್ಸು ತಾನೇ, ವಿಮಾನ ಅಲ್ವಲ್ಲ' ಅಂದ. ಆಮೇಲೆ ನಾನೂ ಮರ್ತೆ. ಮೊನ್ನೆ ಅಲ್ಲಿ ಸ್ಟೀರಿಂಗ್ ತಿರುಗಿಸ್ತಾ ನನ್ನ ಕೈನೇ ನೋಡ್ಕೊಂಡೆ. ಇಷ್ಟು ವರ್ಷದಲ್ಲಿ ಪೂರ್ತಿ ನಂದು ಅಂತ ಇರೋದು ಇದೊಂದೇ ಅನ್ನಿಸ್ತು."

ಅವನು ಪೆನ್ಸಿಲ್ ತೆಗೆದು ಒಂದು ಗೆರೆ ಎಳೆದ. ಅವಳು ಹಾಗಲ್ಲವೆಂದು ತಲೆಯಾಡಿಸಿದಳು.

"ಇಲ್ಲಿ ರಸ್ತೆ ತಗ್ಗುತ್ತೆ. ಇಲ್ಲಿ ಉಸಿರು ಹಿಡೀಬೇಕು. ಆಮೇಲೆ ಬಿಡ್ಬೇಕು."

ಅವನು ಅಳಿಸಿದ, ಎಳೆದ, ಮತ್ತೆ ಅಳಿಸಿದ. ಕೊನೆಗೊಮ್ಮೆ ಅವಳು "ಹಾಂ" ಅಂದಳು.

"ಹಾಕ್ಲಾ?" ಎಂದು ಅವನು ಕೇಳಿದ.

ಅವಳು ಒಂದು ಕ್ಷಣ ಮನಸ್ಸಿನ ಒಳಗೆಲ್ಲ ತಡಕಿದಳು. ಅಕ್ಕ ಇರಲಿಲ್ಲ. ಮಗಳು ಇರಲಿಲ್ಲ. ಆ ಹದ್ದೂ ಇರಲಿಲ್ಲ.

"ಹಾಕಿ."

ಸೂಜಿ ತಾಗಿದಾಗ ಅವಳು ಹಲ್ಲು ಕಚ್ಚಿದಳು. ಮೊದಲು ನೋವಿಗೆ ಒಂದು ಹನಿ ಬಂತು. ಹಿಂದೆಯೇ ಆರು ವರ್ಷದ್ದೆಲ್ಲ ಬಂತು. ಅಳುತ್ತಲೇ ಮಾಜಿ ಗಂಡನಿಗೆ, ಕೋರ್ಟಿಗೆ, ರಿಕ್ಷಾದವರಿಗೆ, ಇಡೀ ಲೋಕಕ್ಕೆ ಬೈದಳು. ಅವನು ಸೂಜಿ ಎತ್ತಿ ಕಾದು, ಅವಳು ಮೂಗು ಒರೆಸಿಕೊಂಡ ಮೇಲೆ ಮುಂದುವರಿಸುತ್ತಿದ್ದ. ಒಮ್ಮೆಯೂ ಸಮಾಧಾನ ಮಾಡಿಕೊಳ್ಳಿ ಎನ್ನಲಿಲ್ಲ.

ಮುಗಿದ ಮೇಲೆ ಗೆರೆಯ ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿದ. ಸುತ್ತಿದ ಮೇಲೂ ಅವಳ ಕೈಯನ್ನು ಬಿಡಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ.

"ಒಣಗೋವರೆಗೂ ಬಂದು ತೋರಿಸ್ತಿರ್ಬೇಕು," ಎಂದ ಅವನು.

"ಒಣಗಿದ ಮೇಲೆ?"

ಅವನ ಕಿವಿ ಕೆಂಪಾಯಿತು. "ಆ ದಿನ ನೀವು ಬಾಗಿಲು ಮೆಲ್ಲಗೆ ಎಳ್ಕೊಂಡು ಹೋದ್ರಲ್ಲ... ಆವತ್ತಿಂದ ನನಗೆ ನಿದ್ದೆ ಇಲ್ಲ. ಬಡ್ಕೊಂಡು ಹೋಗಿದ್ರೆ ಮತ್ತೆ ಬರ್ತಾರೆ ಅಂತ ಧೈರ್ಯ ಇರ್ತಿತ್ತು. ನೀವು ಬರ್ದೇ ಹೋದ್ರೆ ಏನು ಮಾಡ್ಲಿ ಅಂತ ಆವಾಗ ಗೊತ್ತಾಯ್ತು ನನಗೆ. ನೀವಂದ್ರೆ ನನಗೆ ಇಷ್ಟ. ನಿಮಗೆ... ಹೇಗೆ ಅಂತ ಕೇಳ್ಬಹುದಾ?"

'ಕೇಳಿದ,' ಎಂದುಕೊಂಡಳು ಅವಳು.

"ಎರಡು ಬೀದಿ ಸುತ್ತು ಹಾಕ್ಕೊಂಡು ಬರ್ತಿದ್ದೆ ನಾನು. ಅಷ್ಟೂ ಅರ್ಥ ಆಗ್ಲಿಲ್ವಾ?"

"ಹಾಗಾದ್ರೆ ಒಣಗಿದ ಮೇಲೂ ಬರ್ತೀರಾ?"

"ಬರ್ತೀನಿ. ಆದ್ರೆ ಸಿಟ್ಟು ಬಿಟ್ಟು ಬರ್ತೀನಿ ಅಂತ ಮಾತು ಕೊಡಲ್ಲ."

"ಕರ್ಕೊಂಡೇ ಬನ್ನಿ," ಎಂದ ಅವನು, ಅವಳ ಬೆರಳುಗಳನ್ನು ತನ್ನ ಅಂಗೈಯೊಳಗೆ ಸೇರಿಸಿಕೊಳ್ಳುತ್ತಾ. "ಅದಕ್ಕೂ ಒಂದು ಕುರ್ಚಿ ಹಾಕಿಡ್ತೀನಿ."