ತೆಯೋಫಿಲನ ಬಿಲ್ಲೆ

ಫೆಬ್ರವರಿ ತಿಂಗಳು. ಮಂಗಳವಾರ ಬೆಳಿಗ್ಗೆ ಏಳು ಗಂಟೆ. ಹೊರಗೆ ಬೆಟ್ಟದ ಮೇಲೆ ಇನ್ನೂ ಬೆಳಕು ಹರಿದಿರಲಿಲ್ಲ.

ನಾನು ಒಳಗಿದ್ದೆ. ಸೊನ್ನೆಗಿಂತ ನೂರಿಪ್ಪತ್ತು ಡಿಗ್ರಿ ಕೆಳಗೆ.

ಮೈಮೇಲೆ ಚಡ್ಡಿ, ಉಣ್ಣೆಯ ಕಾಲುಚೀಲ, ಕೈಗವಸು, ಕಿವಿಪಟ್ಟಿ, ಬಾಯಿಗೆ ಮಾಸ್ಕ್, ಕಾಲಿಗೆ ಮರದ ಮೆಟ್ಟು. ಅಷ್ಟೇ. ಆರೋಗ್ಯಧಾಮದ ಆ ಚಳಿ ಚಿಕಿತ್ಸೆಯ ಕೋಣೆಯಲ್ಲಿ ಮೂರು ನಿಮಿಷ ಸುತ್ತು ಹಾಕಬೇಕು. ನಾಲ್ಕನೆಯ ನಿಮಿಷ ಯಾರಿಗೂ ಇಲ್ಲ.

ನನ್ನ ಮೂರು ಮುಗಿದಿತ್ತು. ಬಾಗಿಲು ತಳ್ಳಿದೆ.

ಅದು ಅಲುಗಲಿಲ್ಲ.

ಆ ಬಾಗಿಲಿಗೆ ಬೀಗವಿಲ್ಲ, ಚಿಲಕವಿಲ್ಲ. ಮಗು ತಳ್ಳಿದರೂ ತೆರೆದುಕೊಳ್ಳಬೇಕು. ತೆರೆಯಲಿಲ್ಲ ಅಂದರೆ ಹೊರಗೆ ಯಾರೋ ಭುಜ ಕೊಟ್ಟು ನಿಂತಿದ್ದಾರೆ.

ಗಾಜಿನ ಕಿಂಡಿಯಲ್ಲಿ ಡಾಮ್ಯಾನನ ಬೋಳುತಲೆ ಕಾಣಿಸಿತು. ಆ ಆರೋಗ್ಯಧಾಮದ ಮ್ಯಾನೇಜರ್.

"ತಾತ, ಚಳಿ ಹೇಗಿದೆ?"

"ಬಾಗಿಲು ಬಿಡು."

"ಪ್ರಶ್ನೆ ಜಾಸ್ತಿ ಕೇಳ್ತಿದ್ದೀಯಂತೆ. ಸತ್ತೋನು ಸತ್ತ. ಬಿಪಿ ನೋಡದೆ ಅವನನ್ನ ಒಳಗೆ ಬಿಟ್ಟೋಳು ನರ್ಸ್ ಕಿಂಗಾ. ನಾಳೆ ಪೊಲೀಸ್ನೋರು ಬಂದು ಕರ್ಕೊಂಡು ಹೋಗ್ತಾರೆ. ಧಾಮದ ಹೆಸರು ಉಳೀತು, ಕತೆ ಮುಗೀತು. ಸಂಜೆ ಬಸ್ಸಿಗೆ ಹೊರಡ್ತೀಯಾ?"

ರೆಪ್ಪೆಗಳು ಅಂಟಿಕೊಳ್ಳತೊಡಗಿದ್ದವು. ತೊಡೆಯ ಮೇಲೆ ಸಾವಿರ ಸೂಜಿ... ಆಮೇಲೆ ಸೂಜಿಯೂ ಗೊತ್ತಾಗಲಿಲ್ಲ. ಅದೇ ಕೆಟ್ಟದ್ದು.

ಕಲ್ಲಿದ್ದಲ ಗಣಿಯಲ್ಲಿ ಮೂವತ್ತು ವರ್ಷ ಬಂಡಿ ತಳ್ಳಿದವನು ನಾನು. ಮಂಡಿ ಹೋಗಿದೆ. ಭುಜ ಹೋಗಿಲ್ಲ.

ಎರಡು ಹೆಜ್ಜೆ ಹಿಂದೆ ಸರಿದು ನುಗ್ಗಿದೆ. ಡಾಮ್ಯಾನ್ ಮೂಗು ಹಿಡಿದುಕೊಂಡು ನೆಲಕ್ಕೆ ಕೂತ.

"ಚಳಿ ಚೆನ್ನಾಗಿದೆ," ಅಂದೆ. "ಮಂಡಿ ನೋವೇ ಇಲ್ಲ."

ಸುಳ್ಳಲ್ಲ ಅದು. ಆ ಚಳಿಯಿಂದ ಹೊರಗೆ ಬಂದ ಮೇಲೆ ಎರಡು ಮೂರು ಗಂಟೆ ದೇಹ ನೋವನ್ನು ಮರೆಯುತ್ತದೆ. ಅಷ್ಟಕ್ಕಾಗಿಯೇ ನಮ್ಮ ಸಿಲೇಸಿಯಾ ಗಣಿಸೀಮೆಯ ಮುದುಕರೆಲ್ಲ ಅಲ್ಲಿಗೆ ಹೋಗುತ್ತಾರೆ. ತೆಯೋಫಿಲನೂ ಹೋದ.

ಅವನು, ನಾನು, ಗೆರಾರ್ಡ್... ಮೂವರೂ ಗಣಿಯಲ್ಲಿ ಒಂದೇ ಶಿಫ್ಟಿನವರು. ತೆಯೋಫಿಲನ ಬೆನ್ನುಮೂಳೆ ಬಿಗಿದು ಬಿಗಿದು, ಮುಂದಕ್ಕೆ ಬಾಗಿ, ಬಿದಿರಿನ ಹಾಗೆ ಗಡುಸಾಗಿತ್ತು. ಹತ್ತು ವರ್ಷದಿಂದ ಅವನು ನೋಡಿದ್ದು ನೆಲವನ್ನು, ಜನರ ಬೂಟುಗಳನ್ನು. ಕಳೆದ ಶನಿವಾರ ಬೆಳಿಗ್ಗೆ ಆ ಕೋಣೆಯಿಂದ ಹೊರಗೆ ಬಂದ, ವ್ಯಾಯಾಮದ ಸೈಕಲ್ ಹತ್ತಿದ, ಬಿದ್ದ. ಏಳಲಿಲ್ಲ. ಅವನ ಹೆಂಡತಿ ಬ್ರೋನ್ಯಾ ಆ ಹೊತ್ತಿಗೆ ಅಲ್ಲಿಗೇ ಬರುವ ಬಸ್ಸಿನಲ್ಲಿ ಕೂತಿದ್ದಳು. ಕೈಚೀಲದಲ್ಲಿ ಗಸಗಸೆ ಕೇಕು, ಡಾನ್ಸ್ ಶೂ. ಶನಿವಾರ ಮಧ್ಯಾಹ್ನ ಅಲ್ಲಿ ಎಲ್ಲರೂ ಕುಣಿಯುತ್ತಾರೆ.

ಗಣಿ ಮುಚ್ಚಿದ ಮೇಲೆ ನನ್ನ ಕಸುಬು ಇದೇ. ಕಾಣೆಯಾದವರನ್ನು ಹುಡುಕುವುದು, ಬಾಯಿ ಬಿಡದವರ ಬಾಯಿ ಬಿಡಿಸುವುದು. ಬ್ರೋನ್ಯಾ ಫೋನ್ ಮಾಡಿ ಹೇಳಿದ್ದು ಒಂದೇ ಮಾತು.

"ಅಲೋಯ್ಜಿ, ಆ ಹುಡುಗಿ ಜೈಲಿಗೆ ಹೋಗೋದಾದ್ರೆ ತಪ್ಪು ಅವಳದ್ದೇ ಅಂತ ನಂಗೆ ಖಾತ್ರಿ ಆಗ್ಬೇಕು. ಇಲ್ಲಾಂದ್ರೆ ನಂಗೆ ನಿದ್ದೆ ಬರಲ್ಲ."

ಬಟ್ಟೆ ಹಾಕಿಕೊಂಡು ಕಿಂಗಾ ಹತ್ತಿರ ಹೋದೆ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. ಹಿಂಬದಿಯ ಕೋಣೆಯಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಕೂತಿದ್ದಳು.

"ಬಿಪಿ ನೋಡಿದ್ದೆ ತಾತ. ದೇವರಾಣೆ ನೋಡಿದ್ದೆ. ಗುರುವಾರ, ಶುಕ್ರವಾರ ಎರಡು ದಿನವೂ ಜಾಸ್ತಿ ಇತ್ತು, ನಾನೇ ವಾಪಸ್ ಕಳಿಸ್ದೆ. ಶನಿವಾರ ಸರಿಯಾಗಿತ್ತು. ಅದಕ್ಕೇ ಬಿಟ್ಟೆ."

"ಅವನೇ ಅಂತ ಹೇಗೆ ಗೊತ್ತು?"

"ಬಿಲ್ಲೆ ಕೊಟ್ರು. ಅವರ ನಂಬರೇ."

"ಮುಖ ನೋಡಿದ್ಯಾ?"

"ಮುಖ ಎಲ್ಲಿ ಕಾಣತ್ತೆ? ಎಲ್ರೂ ಮಾಸ್ಕ್ ಹಾಕಿ, ಕಿವಿಪಟ್ಟಿ ಕಟ್ಟಿ ರೆಡಿಯಾಗಿ ಬಂದು ಕೂರ್ತಾರೆ."

"ಬೆನ್ನು?"

ಅವಳು ನನ್ನನ್ನೇ ನೋಡಿದಳು. "ಅಲ್ಲಿ ಎಲ್ಲರ ಬೆನ್ನೂ ಬಗ್ಗಿರತ್ತೆ ತಾತ."

ನಾನು ಕಾರಿಡಾರಿಗೆ ಹಿಂತಿರುಗಿದೆ. ಗೋಡೆಯ ಮೇಲೆ ದೊಡ್ಡ ಪೋಸ್ಟರ್. ಸಂಧಿವಾತ, ಬೆನ್ನುಬಿಗಿತ, ನರದ ಕಾಯಿಲೆ, ನಿದ್ದೆಗೇಡು, ಮನಸ್ಸಿನ ಬೇಸರ... ಎಲ್ಲಕ್ಕೂ ಚಳಿಯೇ ಮದ್ದು ಎಂದು ದಪ್ಪಕ್ಷರದಲ್ಲಿ. ಕೆಳಗೆ ಇರುವೆ ಸಾಲಿನಂತೆ ಇನ್ನೊಂದು ಪಟ್ಟಿ: ಏರಿದ ಬಿಪಿ, ಹೃದಯದ ತೊಂದರೆ, ಚಳಿಗೆ ಮೈಯೆಲ್ಲ ದದ್ದು ಏಳುವವರು ಒಳಗೆ ಹೋಗಬಾರದು. ನನಗೆ ಓದು ನಿಧಾನ. ಕೆಳಗಿನದ್ದನ್ನು ಓದುವ ತನಕ ನಿಂತವನು ಬಹುಶಃ ನಾನೊಬ್ಬನೇ.

ಬೆಂಚಿನ ಮೇಲೆ ಏಳು ಜನ. ಏಳು ಮಾಸ್ಕು, ಏಳು ಕಿವಿಪಟ್ಟಿ. ಅವರಲ್ಲೊಬ್ಬ ತೆಯೋಫಿಲನ ಜೊತೆ ಚಿಕಿತ್ಸೆಗೆ ಬಂದಿದ್ದ ಗೆರಾರ್ಡ್. ಮೂವತ್ತು ವರ್ಷ ಒಟ್ಟಿಗೆ ಕತ್ತಲಲ್ಲಿ ದುಡಿದವನು. ಏಳರಲ್ಲಿ ಅವನು ಯಾರು ಅಂತ ನನಗೆ ಗುರುತು ಸಿಗಲಿಲ್ಲ.

ಆಗ ಹೊಳೆಯಿತು. ಗಣಿಯಲ್ಲೂ ಹಾಗೆಯೇ ಇತ್ತು. ಮಸಿ ಹತ್ತಿದ ಮುಖ ಎಲ್ಲ ಒಂದೇ. ಗೇಟಿನಲ್ಲಿ ನೋಡುತ್ತಿದ್ದುದು ಹಿತ್ತಾಳೆ ಬಿಲ್ಲೆಯನ್ನು. ಗೆಳೆಯನಿಗೆ ಮೈ ಸರಿಯಿಲ್ಲ ಅಂದರೆ ಅವನ ಬಿಲ್ಲೆ ನಾವು ಕೊಡುತ್ತಿದ್ದೆವು. ಯಾರೂ ಯಾಕೆ ಅಂತ ಕೇಳುತ್ತಿರಲಿಲ್ಲ. ಇಲ್ಲ ಅನ್ನುವವನು ಗಂಡಸೇ ಅಲ್ಲ.

ಗಣಿಯ ಮೇಸ್ತ್ರಿ ಕೂಗುತ್ತಿದ್ದ ದನಿಯಲ್ಲಿ ಕೂಗಿದೆ.

"ಯಾರ ಬಿಲ್ಲೆ ಯಾರ ಕೈಲಿದೆ?"

ಆರು ಜನ ತಲೆ ಎತ್ತಿದರು. ಏಳನೆಯವನು ಎದ್ದು ಓಡಿದ.

ಓಡಿದ ಅನ್ನುವುದು ಮರ್ಯಾದೆಯ ಮಾತು. ಅವನ ಸೊಂಟ ಹೋಗಿದೆ, ನನ್ನ ಮಂಡಿ. ಮರದ ಮೆಟ್ಟು ಟಕಟಕ ಬಡಿಯುತ್ತ, ಚಡ್ಡಿಯ ಮೇಲೆ ಟವೆಲ್ ಹೊದ್ದುಕೊಂಡು, ತೋಟದ ಹಿಮದಲ್ಲಿ ಅವನು ಮುಂದೆ, ನಾನು ಹಿಂದೆ. ಎರಡು ಸಲ ಬಿದ್ದ. ಮೂರನೆಯ ಸಲ ಬುಗ್ಗೆ ನೀರಿನ ಕಟ್ಟೆಯ ಹತ್ತಿರ ಬಿದ್ದವನು ಏಳಲಿಲ್ಲ. ನನ್ನ ಕೋಟು ತೆಗೆದು ಅವನ ಮೇಲೆ ಹಾಕಿದೆ.

"ಹೊಡಿ," ಅಂದ.

"ಮಾತಾಡು."

"ಶನಿವಾರ ಬ್ರೋನ್ಯಾ ಬರ್ತಾಳೆ, ಆ ಚಳಿಗೆ ಹೋಗಿ ಬಂದ್ರೆ ಬೆನ್ನು ಒಂದಿಷ್ಟು ಹೊತ್ತು ನೆಟ್ಟಗಾಗತ್ತೆ ಅಂದ ತೆಯೋಫಿಲ. ಒಂದೇ ಒಂದು ಸಲ ಅವಳ ಮುಖ ನೋಡ್ಕೊಂಡು ಕುಣೀಬೇಕು, ಶೂ ನೋಡ್ಕೊಂಡು ಸಾಕಾಗಿದೆ ಅಂದ. ಆ ಹುಡುಗಿ ಎರಡು ದಿನದಿಂದ ಬಿಡ್ತಿಲ್ಲ, ನನ್ನ ಬಿಲ್ಲೆ ಹಿಡ್ಕೊಂಡು ಬಿಪಿಗೆ ನೀನು ತೋಳು ಕೊಡು, ಗಣಿಯಲ್ಲಿ ಕೊಡ್ತಿರ್ಲಿಲ್ವಾ ಅಂದ." ಗೆರಾರ್ಡ್ ಮಾಸ್ಕ್ ಕಿತ್ತು ಹಾಕಿದ. "ಕೊಟ್ಟೆ ಕಣೋ. ಆಮೇಲೆ ಅವನ ಬಿಲ್ಲೆ ಅವನಿಗೆ ವಾಪಸ್ ಕೊಟ್ಟು, ಬೆನ್ನು ತಟ್ಟಿ ಒಳಗೆ ಕಳಿಸ್ದೆ."

"ಮತ್ತೆ ಹುಡುಗಿ?"

"ನಂಗೆ ಪೊಲೀಸ್ನೋರ ಭಯ ಇಲ್ಲ. ಬ್ರೋನ್ಯಾಗೆ ಹೇಗೆ ಹೇಳ್ಲಿ?"

ಅವನಿಗೆ ಬಟ್ಟೆ ಹಾಕಿಸಿ ಕರೆದುಕೊಂಡು ಹೋದೆ. ಶನಿವಾರದಿಂದ ಅಲ್ಲೇ ಉಳಿದಿದ್ದ ಬ್ರೋನ್ಯಾ ಊಟದ ಹಾಲಿನಲ್ಲಿ ಒಬ್ಬಳೇ ಇದ್ದಳು. ಗೆರಾರ್ಡ್ ನಿಂತೇ ಎಲ್ಲ ಹೇಳಿದ. ಒಂದನ್ನೂ ಬಿಡಲಿಲ್ಲ.

ಅವಳು ಮೇಜಿನ ಬಟ್ಟೆಯ ಅಂಚು ಸವರಿದಳು.

"ನೆಟ್ಟಗಾಗಿದ್ನಾ?"

"ಆಗಿದ್ದ. ಗೋಡೆ ಮೇಲಿನ ಗಡಿಯಾರ ನೋಡಿ, ಇಲ್ಲೊಂದು ಗಡಿಯಾರ ಇದೆಯಲ್ಲೋ ಅಂದ. ಬಸ್ಸು ಬರೋಕೆ ಇನ್ನೂ ಹೊತ್ತಿದೆ ಅಂದ."

ಅವಳು ಕೈಚೀಲ ಬಿಚ್ಚಿದಳು. ಗಸಗಸೆ ಕೇಕಿನ ಒಂದು ತುಂಡು ಕತ್ತರಿಸಿ ಅವನ ಮುಂದೆ ತಳ್ಳಿದಳು.

"ಕೂತ್ಕೊಂಡು ತಿನ್ನು. ಶನಿವಾರದ್ದು. ಒಣಗಿದೆ."

ಅವನು ತಿಂದ. ಅಳುತ್ತಾ ತಿಂದ.

ಬುಧವಾರ ಬೆಳಿಗ್ಗೆ ಪೊಲೀಸರು ಬಂದರು. ಗೆರಾರ್ಡ್ ಹೇಳಿದ್ದನ್ನು ಬರೆದುಕೊಂಡರು, ಕರೆದಾಗ ಬರಬೇಕು ಅಂದರು. ಕಿಂಗಾ ಪೆಟ್ಟಿಗೆ ಬಿಚ್ಚಿದಳು. ಈಗ ಅವಳು ಎಲ್ಲರ ಮಾಸ್ಕ್ ಕೆಳಗೆಳೆದು ಮುಖ ನೋಡಿಯೇ ಬಿಪಿಗೆ ತೋಳು ಹಿಡಿಯುತ್ತಾಳಂತೆ.

ಅದೇ ಬುಧವಾರ ಮಧ್ಯಾಹ್ನದ ಬಸ್ಸಿಗೆ ಗೆರಾರ್ಡ್ ಹೊರಟ. ಬ್ರೋನ್ಯಾ ತನ್ನ ಪಕ್ಕದ ಸೀಟಿನಿಂದ ಡಾನ್ಸ್ ಶೂ ಎತ್ತಿಕೊಂಡು ಅವನಿಗೆ ಜಾಗ ಮಾಡಿಕೊಟ್ಟಳು. ಊರು ಮುಟ್ಟುವ ತನಕ ಅವಳು ಅವನನ್ನು ಬಾಯಿಗೆ ಬಂದಂತೆ ಬೈದಿರಲಿ ಅಂತ ನನ್ನ ಆಸೆ. ಬೈಯದೆ ಸುಮ್ಮನೆ ಕೂತಿದ್ದರೆ ಆ ಮುದುಕ ಬದುಕುವವನಲ್ಲ.