ಅಂಬಾರಾಯನ ಜಡೆ

ಚಿತ್ತಾಪುರದ ನಾಟಕಗಳಲ್ಲಿ ನಾಯಕಿ ಅಂದರೆ ಅಂಬಾರಾಯನೇ. ಹಗಲೆಲ್ಲ ಅಂಗಡಿಯಲ್ಲಿ ಬಟ್ಟೆ ಅಳೆಯುವ ಹುಡುಗ, ಪಾತ್ರಕ್ಕೆಂದೇ ಸೊಂಟದವರೆಗೆ ಕೂದಲು ಬಿಟ್ಟಿದ್ದ. ಅವನ ಜಡೆ ಕಂಡು ಹೆಂಗಸರೇ ಹೊಟ್ಟೆಕಿಚ್ಚು ಪಡುತ್ತಿದ್ದರು. ಅಂಥವನ ಎದುರಿಗೇ, ನಿಜಾಮನ ಮೇಲೆ ಪೊಲೀಸ್ ಆಕ್ಷನ್ ಆದಮೇಲೆ ತೆರೆದ ಕನ್ನಡ ಸಾಲೆಯ ಹೊಸ ಟೀಚರ್ ಲಲಿತಾಬಾಯಿ ಬಂದು, "ಈ ಸಲ ಹೆಂಡ್ತಿ ಪಾತ್ರ ನಾ ಮಾಡ್ತೀನ್ರಿ" ಅಂದುಬಿಟ್ಟಳು.

ನಾಟಕ ಕಲಿಸುವ ಗುರುಲಿಂಗಯ್ಯ ಮಾಸ್ತರರು ಒಪ್ಪಿಯೂ ಬಿಟ್ಟರು. ಸಾಲದ್ದಕ್ಕೆ, "ಅಂಬಾರಾಯ, ಈಕಿಗಿ ಹೆಣ್ಣಿನ ನಡಿಗಿ ಕಲಸು" ಎಂದು ಗಾಯಕ್ಕೆ ಉಪ್ಪು ಸವರಿದರು.

ಅವನು ಸೊಂಟ ಬಳುಕಿಸಿ ನಡೆದು ತೋರಿಸಿದ. ಲಲಿತಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಣ್ಣಿಗೆ ಮಾತ್ರ ನಗು ತಡೆಯಲಾಗಲಿಲ್ಲ.

"ಕೊಡ ಹೊತ್ತು ಹಿಂಗ ನಡದ್ರ ಮನಿಗಿ ಒಂದ್ ಹನಿ ನೀರೂ ಬರಲ್ರಿ."

ಅಂಬಾರಾಯನಿಗೆ ಸಿಟ್ಟು ಬರಬೇಕಿತ್ತು. ನಗು ಬಂತು.

ಮರುದಿನ ಮತ್ತೊಂದು ತಕರಾರು. ಮನೆ ಬಿಟ್ಟು ಹೊರಟ ಗಂಡನ ಕಾಲಿಗೆ ಬಿದ್ದು ಹೆಂಡತಿ ಅಳುವ ದೃಶ್ಯ. ಅಲ್ಲಿ ಅಂಬಾರಾಯ ಇಡೀ ಊರನ್ನೇ ಅಳಿಸುತ್ತಿದ್ದ.

"ನಾ ಕಾಲಿಗಿ ಬೀಳಂಗಿಲ್ರಿ. ಬಾಗಲಾಗ ಅಡ್ಡ ನಿಂತು, ಎಲ್ಲಿಗಿ ಹೊಂಟೀರಿ ಅಂತ ಕೇಳ್ತೀನಿ" ಅಂದಳು ಲಲಿತಾಬಾಯಿ. ಅಂದವಳೇ ಅವನತ್ತ ನೋಡಿದಳು. ಆ ನೋಟ ಅವನ ಬೆನ್ನುಹತ್ತಿ ಮನೆಗೂ ಬಂತು, ಅಂಗಡಿಗೂ ಬಂದು ಅಳತೆ ತಪ್ಪಿಸಿತು.

ಆದರೆ ನಿಜವಾದ ಹೆಣ್ಣಿನ ಎದುರು ಗಂಡನಾಗಿ ನಿಲ್ಲಲು ಊರಿನ ಒಬ್ಬ ಗಂಡಸಿಗೂ ಧೈರ್ಯ ಸಾಲಲಿಲ್ಲ. ಪ್ರತಿವರ್ಷ ಆ ಪಾತ್ರ ಮಾಡುತ್ತಿದ್ದ ರೇವಣಪ್ಪನೂ, "ಮನ್ಯಾಗ ಸುಮ್ನ ಬಿಡಲ್ರಿ" ಎಂದು ಜಾರಿಕೊಂಡ. ಜಡೆಯ ಅಂಬಾರಾಯನನ್ನು ಕೇಳುವುದು ಯಾರಿಗೂ ಹೊಳೆಯಲಿಲ್ಲ.

ಮಾಸ್ತರರು ಕೈಚೆಲ್ಲಿದರು. "ಶುಕ್ರವಾರದೊಳಗ ಯಾರೂ ಸಿಗಲಿಲ್ಲಂದ್ರ, ತಂಗಿ, ಮತ್ತ ಅಂಬಾರಾಯನೇ ಸೀರಿ ಉಡ್ತಾನ."

ಲಲಿತಾಬಾಯಿ ತಲೆ ತಗ್ಗಿಸಿದಳು. ಕಳೆದುಹೋದ ಪಾತ್ರ ತಾನಾಗಿ ಮರಳಿ ಬರುತ್ತಿತ್ತು. ಆದರೆ ಅವಳ ಸಪ್ಪೆ ಮುಖ ನೋಡಿ ಅಂಬಾರಾಯನಿಗೆ ಖುಷಿಯೇ ಆಗಲಿಲ್ಲ.

ಶುಕ್ರವಾರ ಅವನು ತಾಲೀಮಿಗೆ ತಡವಾಗಿ ಬಂದ, ತಲೆಗೆ ರುಮಾಲು ಸುತ್ತಿಕೊಂಡು. ಬಿಚ್ಚಿದ. ಜಡೆ ಇರಲಿಲ್ಲ. ಹಜಾಮ ಒಪ್ಪವಾಗಿ ಕ್ರಾಪು ಹೊಡೆದಿದ್ದ.

ಮಾಸ್ತರರು ಎದೆ ಹಿಡಿದುಕೊಂಡರು. "ಏ ಖೋಡಿ, ಏನ್ ಮಾಡ್ಕೊಂಡಿ!"

"ಗಂಡನ ಪಾತ್ರ ನಾ ಮಾಡ್ತೀನ್ರಿ."

ಲಲಿತಾಬಾಯಿಯ ಕಣ್ಣು ತುಂಬಿದವು. "ಭಾಳ ಚಂದ ಇತ್ತು ಕೂದಲಾ. ನನ್ ಸಲುವಾಗಿ ಯಾಕ ತೆಗಸಿದ್ರಿ?"

"ಕೂದಲಾ ಮತ್ತ ಬೆಳೀತಾವ್ರಿ" ಅಂದ. ರುಮಾಲು ಮಡಚಿ ಬಗಲಿಗಿಟ್ಟುಕೊಂಡ.

ತಾಲೀಮು ಶುರುವಾಯಿತು. ಅಂಬಾರಾಯ ಬಟ್ಟೆಗಂಟು ಹೆಗಲಿಗೇರಿಸಿ ಹೊರಟ. ಅವಳು ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗಿ ಹೊಂಟೀರಿ?"

ಅವಳನ್ನು ಸರಿಸಿ ಅವನು ಹೋಗಬೇಕಿತ್ತು. ಗಂಟು ಕೆಳಗೆ ಜಾರಿತು.

"ನಿಮ್ಮನ್ನ ಬಿಟ್ಟು ಎಲ್ಲಿಗೂ ಹೋಗಂಗಿಲ್ರಿ."

"ಆ ಮಾತು ನಾಟಕದಾಗ ಇಲ್ಲೋ!" ಮಾಸ್ತರರು ಕೂಗಿದರು.

"ಗೊತ್ತದರಿ" ಅಂದ ಅಂಬಾರಾಯ, ಅವಳನ್ನೇ ನೋಡುತ್ತ. "ಇದು ನಾಟಕದ್ದಲ್ರಿ."

ಲಲಿತಾಬಾಯಿಯ ಕೆನ್ನೆ ಕೆಂಪಾಯಿತು. ಆದರೂ ಬಾಗಿಲು ಬಿಡಲಿಲ್ಲ. ಅವನಿಗಷ್ಟೇ ಕೇಳುವಂತೆ ಮೆಲ್ಲಗೆ ಹೇಳಿದಳು:

"ಐತಾರ ಸಾಲಿ ಸೂಟಿ ಅದ, ನನ್ ಕೂಡ ನಮ್ಮೂರು ನಾಲವಾರದ ಗಾಡಿ ಹತ್ರಿ. ಇದ ಮಾತು ನಮ್ಮಪ್ಪನ ಮುಂದ ಹೇಳ್ರಿ. ಅಲ್ಲಿ ನಿಮಗ ಬಾಯಿ ಬರಲಿಲ್ಲಂದ್ರ, ನಾನೇ ಹೇಳ್ತೀನಿ."