ಸ್ವಲ್ಪ ನೋಡ್ಕೊಳ್ಳಿ

ಎದುರು ಮಳಿಗೆಯವರು ಮುಸುಕು ಸರಿಸಿದರು. ಒಳಗೆ ಗೋಡೆಯಗಲದ ಚಿತ್ರ. ಹಸುಗೂಸುಗಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆ. ಕೆಳಗೆ ಅವರ ಕಂಪನಿಯ ಹೆಸರು. ಪೆಟ್ಟಿಗೆ ಮಾತ್ರ ಈಚೆ ಮಳಿಗೆಯ ಇವರದು.

ಆಸ್ಪತ್ರೆ ಯಂತ್ರಗಳ ಮೇಳ ಆಗತಾನೇ ಶುರುವಾಗಿತ್ತು. ಇವರ ಮಳಿಗೆಯವರೆಲ್ಲ ಬಾಯಿ ಬಿಟ್ಟುಕೊಂಡು ನಿಂತರು. ಕದ್ದ ಮಾಲು ಎನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ಚಿತ್ರದಲ್ಲಿ ಬಾಗಿಲಿನ ಕೀಲೂ ಎಡಗಡೆ, ಚಿಲಕವೂ ಎಡಗಡೆ. ಅಂಥ ಬಾಗಿಲು ಈ ಜನ್ಮದಲ್ಲಿ ತೆರೆಯುವುದಿಲ್ಲ. ಆ ಎಡವಟ್ಟು ಇವರ ನಕ್ಷೆಗಾರನದೇ. ನಿನ್ನೆ ಮಧ್ಯಾಹ್ನ ಕಚೇರಿಯಿಂದ ಕಳಿಸಿದ್ದ. ಸ್ವಲ್ಪ ಹೊತ್ತಿಗೇ ನಾಲಿಗೆ ಕಚ್ಚಿಕೊಂಡು, ತಿದ್ದಿದ್ದನ್ನು ಮತ್ತೆ ಕಳಿಸಿದ್ದ. ತಪ್ಪು ನಕ್ಷೆ ಹೋಗಿದ್ದು ಒಬ್ಬಳಿಗೇ, ಮಾರಾಟಗಾರ್ತಿಗೆ.

ಯಜಮಾನ ಅವಳತ್ತ ತಿರುಗಿದ. ಗಿರಾಕಿಗಳು, ಜೊತೆಯವರು, ಕುರ್ಚಿ ಜೋಡಿಸುತ್ತಿದ್ದವರು, ಎಲ್ಲರೂ ಇದ್ದರು.

"ನಮ್ಮೊಳಗೇ ಒಬ್ಬ ಕಳ್ಳಿನ ಇಟ್ಕೊಂಡಿದ್ದೀನಿ ಅಂತ ನಂಗೆ ಗೊತ್ತಿರ್ಲಿಲ್ಲ."

ಸಂಜೆ ಕೆಲಸದಿಂದ ತೆಗೆಯುತ್ತೇನೆ, ಆಮೇಲೆ ಪೊಲೀಸರಿಗೆ ಒಪ್ಪಿಸುತ್ತೇನೆ ಎಂದ. ಕಳ್ಳಿ ಅನ್ನಿಸಿಕೊಂಡವಳನ್ನು ಈ ವ್ಯಾಪಾರದಲ್ಲಿ ಮತ್ತೆ ಯಾರೂ ಹತ್ತಿರ ಸೇರಿಸುವುದಿಲ್ಲ. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಮಳಿಗೆಯ ಮೂಲೆಯಲ್ಲಿ ತಂತಿ ಸುತ್ತುತ್ತಿದ್ದ ಹೆಂಗಸಿಗೆ ಮೈಯೆಲ್ಲ ಉರಿಯಿತು. ಕಂಪನಿಯ ಕಂಪ್ಯೂಟರುಗಳನ್ನು ಕಾಯುವವಳು ಅವಳು. ಎದ್ದರೆ ಪರದೆಗೆ ಬೀಗ ಹಾಕಿ, ಕೂತರೆ ಬೀಗ ಹಾಕಿ ಎಂದು ಜನರ ಪ್ರಾಣ ತಿನ್ನುತ್ತಾಳೆಂದು ಕಚೇರಿಯಲ್ಲಿ ಅವಳಿಗೆ 'ಬೀಗದಕ್ಕ' ಎಂದು ಹೆಸರು. ಪ್ರವಾಸ ಹೊರಡುವವರಿಗೆ ಅವಳು ಪಾಠ ಹೇಳುವಾಗ ಆಕಳಿಸದೆ ಕೇಳುತ್ತಿದ್ದವಳು ಈ ಮಾರಾಟಗಾರ್ತಿ ಒಬ್ಬಳೇ.

"ಸಂಜೆವರೆಗೆ ಟೈಮ್ ಕೊಡಿ," ಎಂದಳು ಬೀಗದಕ್ಕ. ಕೇಳಿದ ಹಾಗಿರಲಿಲ್ಲ, ಗದರಿದ ಹಾಗಿತ್ತು. ಯಜಮಾನ ಹೂಂ ಎಂದ.

* * *

ಮೇಳದ ಮಗ್ಗುಲಲ್ಲೇ ಹೋಟೆಲು. ಎಲ್ಲರೂ ಇಳಿದುಕೊಂಡಿದ್ದು ಅಲ್ಲೇ. ಕೆಳಗಿನ ಹಜಾರದ ಸೋಫಾದಲ್ಲಿ ಮಾರಾಟಗಾರ್ತಿ ಮುದುಡಿ ಕೂತಿದ್ದಳು. ಬೀಗದಕ್ಕ ಪಕ್ಕದಲ್ಲಿ ಕೂತು ಲ್ಯಾಪ್‌ಟಾಪು ತೆರೆಯಲು ಹೇಳಿದಳು. ಪಕ್ಕದಿಂದ ಕಂಡಿದ್ದು ಬರೀ ಕಪ್ಪು. ಪ್ರವಾಸದ ಲ್ಯಾಪ್‌ಟಾಪುಗಳಿಗೆ ಬೀಗದಕ್ಕ ತಾನೇ ಕೂತು ಅಂಟಿಸಿದ ಹಾಳೆ ಅದು. ನೇರ ಎದುರಿಗೆ ಕೂತವರಿಗೆ ಮಾತ್ರ ಪರದೆ ಕಾಣುತ್ತದೆ. ಅವಳು ಯಂತ್ರವನ್ನು ತನ್ನ ತೊಡೆಗೇ ಎಳೆದುಕೊಂಡಳು.

ಹೋಟೆಲಿನ ವೈಫೈ ಮೂಲಕ ಎದುರಿನವರಿಗೆ ಕಳಿಸಿದಳು ಎಂದು ಯಜಮಾನನ ವಾದ. ಸುಳ್ಳು. ಇವಳು ಆ ವೈಫೈ ಮುಟ್ಟಿಯೇ ಇರಲಿಲ್ಲ. ತನ್ನ ಫೋನನ್ನು ತಂತಿಯಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಅದರ ಇಂಟರ್ನೆಟ್ಟನ್ನೇ ಬಳಸಿದ್ದಳು. ಫೋನಿನ ಮೆಸೇಜುಗಳೂ ಲ್ಯಾಪ್‌ಟಾಪಿನ ಪರದೆಗೇ ಬರುತ್ತಿದ್ದವು. ನಕ್ಷೆ ಯಾರಿಗೂ ಮೇಲ್ ಆಗಿರಲಿಲ್ಲ, ಪೆನ್‌ಡ್ರೈವಿಗೂ ಇಳಿದಿರಲಿಲ್ಲ.

ಹಾಗಾದರೆ ಪ್ರಿಂಟ್ ತೆಗೆಸಿರಬಹುದೇ? ಹಜಾರದ ಮೂಲೆಯಲ್ಲಿ ಅತಿಥಿಗಳಿಗೆಂದು ಒಂದು ಕಂಪ್ಯೂಟರ್ ಇತ್ತು. ಬೀಗದಕ್ಕ ಅದನ್ನು ಜಾಲಾಡಿದಳು. ಯಾರದೋ ವಿಮಾನದ ಟಿಕೆಟ್ಟು. ಯಾರದೋ ಪಾಸ್‌ಪೋರ್ಟಿನ ಪ್ರತಿ. ಯಾವನೋ ಪುಣ್ಯಾತ್ಮ ತನ್ನ ಮೇಲ್ ಬಾಕ್ಸನ್ನು ಹಾಗೇ ತೆರೆದಿಟ್ಟು ಊರಿಗೆ ಹೋಗಿದ್ದ. ಮನೆ ಬಾಗಿಲಿಗೆ ಇದ್ದಬದ್ದ ಚಿಲಕವೆಲ್ಲ ಹಾಕುವ ಜನ ಇಲ್ಲಿ ಬದುಕನ್ನೇ ಬೀದಿಗಿಟ್ಟು ಹೋಗುತ್ತಾರಲ್ಲ ಎಂದು ಅವಳಿಗೆ ಹಲ್ಲು ಕಡಿಯುವಷ್ಟು ಸಿಟ್ಟು ಬಂತು. ಎಲ್ಲವನ್ನೂ ಅಳಿಸಿದಳು. ಇವರ ನಕ್ಷೆ ಮಾತ್ರ ಅಲ್ಲಿರಲಿಲ್ಲ.

ಲ್ಯಾಪ್‌ಟಾಪು ಕೈಬಿಟ್ಟು ಎಲ್ಲಾದರೂ ಹೋಗಿದ್ದೆಯಾ ಎಂದು ಕೇಳಿದಳು. ಇಲ್ಲ ಎಂದಳು ಮಾರಾಟಗಾರ್ತಿ, ನೆಲ ನೋಡುತ್ತ. ಅಷ್ಟರಲ್ಲಿ ಗಂಡನ ಫೋನು. ಅವನದು ಬೇರೆಯೇ ರಾಗ. ಮಗಳ ಮೊದಲ ಹಲ್ಲು ಬಿದ್ದಿದೆಯೆಂದು ನಿನ್ನೆ ಮಧ್ಯಾಹ್ನ ಮೆಸೇಜು ಹಾಕಿದರೆ, ಓದಿಯೂ ಉತ್ತರವಿಲ್ಲ, ಮಗು ರಾತ್ರಿಯವರೆಗೂ ಮುಖ ಊದಿಸಿಕೊಂಡಿತ್ತು ಎಂದು ಗೊಣಗಿದ.

ಫೋನಿಟ್ಟ ಮೇಲೆ ಅವಳು ಕಣ್ಣೊರೆಸಿಕೊಂಡಳು. "ನಾನು ಅದನ್ನ ಓದೇ ಇರ್ಲಿಲ್ಲ ಅಕ್ಕಾ. ನೋಡೋ ಹೊತ್ತಿಗೆ ಓದಿದೀನಿ ಅಂತ ಗುರುತು ಬಿದ್ದಿತ್ತು."

* * *

ಮಾರಾಟದ ಮುಖ್ಯಸ್ಥನಿಗೆ ಹಿಂದಿನಿಂದ ಎಲ್ಲರೂ 'ಬೆಣ್ಣೆ' ಅನ್ನುತ್ತಾರೆ. ಮಾತು ಅಷ್ಟು ನಯ. ಮಾರಾಟಗಾರ್ತಿಯ ಮೇಲಧಿಕಾರಿ ಅವನೇ. ತನ್ನ ಲ್ಯಾಪ್‌ಟಾಪಿಗೆ ಮಾತ್ರ ಹಾಳೆ ಅಂಟಿಸಲು ಬಿಟ್ಟಿರಲಿಲ್ಲ. ಅದೆಲ್ಲ ಹುಡುಗರಿಗೆ, ನನಗ್ಯಾಕಮ್ಮಾ ಎಂದು ನಕ್ಕು ಕಳಿಸಿದ್ದ.

ಈಗಲೂ, ವಿಚಾರಿಸಲು ಬಂದ ಬೀಗದಕ್ಕನಿಗೆ ಕಾಫಿ ತರಿಸಿಕೊಟ್ಟು, ಪಾಪದ ಹುಡುಗಿ, ಯಜಮಾನರ ಹತ್ತಿರ ನಾನೂ ಒಂದು ಮಾತು ಹೇಳುತ್ತೇನೆ ಎಂದ. ಬೇಕೆಂದು ಮಾಡಿದವಳಲ್ಲ, ಎಚ್ಚರ ಸಾಲದು ಅಷ್ಟೆ ಎಂದೂ ಸೇರಿಸಿದ.

"ನಿನ್ನೆ ಹಜಾರದಲ್ಲಿ ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ನಕ್ಷೆ ತೆರೆದಿಟ್ಕೊಂಡಿದ್ಲು. ಅದರ ಮೇಲೇ ಮಗಳ ಹಲ್ಲು ಬಿತ್ತು ಅಂತ ಮೆಸೇಜ್ ಬಂತು, ಓದ್ಕೊಂಡು ನಗ್ತಿದ್ಲು. ಪಕ್ಕದಲ್ಲಿದ್ದ ನಂಗೇ ಅಷ್ಟು ಕಾಣಿಸ್ತು ಅಂದ್ಮೇಲೆ, ಹಿಂದೆ ಓಡಾಡೋರಿಗೆ ಕಾಣಿಸಲ್ವಾ?"

ಬೀಗದಕ್ಕ ಕಾಫಿಯನ್ನು ಮುಟ್ಟದೆ ಎದ್ದಳು. ಅಲ್ಲೇ ಅವನ ಮುಖಕ್ಕೆ ಎರಚಬೇಕು ಅನ್ನಿಸಿತ್ತು.

* * *

"ಮಗಳ ಹಲ್ಲು ಬಿದ್ದ ಸುದ್ದಿ ಬಂದಾಗ ನೀನು ಎಲ್ಲಿದ್ದೆ?" ಎಂದು ಬೀಗದಕ್ಕ ಕೇಳಿದಳು. "ಈ ಸಲ ಸುಳ್ಳು ಹೇಳಿದ್ರೆ ನಿನ್ನನ್ನ ದೇವರೂ ಕಾಪಾಡಲ್ಲ."

ಮಾರಾಟಗಾರ್ತಿ ಅಳುತ್ತಲೇ ಹೇಳಿದಳು. ನೆಲಮಾಳಿಗೆಯಲ್ಲಿ ನಿಲ್ಲಿಸಿದ್ದ ಕಾರಿನಿಂದ ಮಾದರಿಗಳ ಪೆಟ್ಟಿಗೆ ತರಲು ಮುಖ್ಯಸ್ಥರು ಹೇಳಿದರಂತೆ. ಲ್ಯಾಪ್‌ಟಾಪನ್ನೂ, ಅದಕ್ಕೆ ಸಿಕ್ಕಿಸಿದ ಫೋನನ್ನೂ ಅವರ ಬಳಿಯೇ ಬಿಟ್ಟು ಹೋದಳಂತೆ. ಸ್ವಲ್ಪ ನೋಡ್ಕೊಳ್ಳಿ ಸರ್, ಎಂದಳಂತೆ.

"ಬೀಗ?"

"ಅವರ ಕಣ್ಣೆದುರಿಗೇ ಹೇಗೆ ಹಾಕ್ಲಿ ಅಕ್ಕಾ? ನಿಮ್ಮ ಮೇಲೆ ನಂಬಿಕೆ ಇಲ್ಲ ಅಂದ ಹಾಗಲ್ವಾ?"

ಬೆಳಗ್ಗೆ ಅವನೇ ಕಿವಿಯಲ್ಲಿ ಹೇಳಿದ್ದನಂತೆ, ಬಿಟ್ಟು ಹೋಗಿದ್ದು ಗೊತ್ತಾದರೆ ನಿನಗೇ ಕಷ್ಟ, ಬಾಯಿ ಬಿಡಬೇಡ, ನಾನು ನಿಭಾಯಿಸುತ್ತೇನೆ ಎಂದು. ಕೈಹಿಡಿದು ಕಾಪಾಡುವವರ ಹೆಸರನ್ನು ಎತ್ತುವುದು ಹೇಗೆ ಎಂದು ಇವಳು ನುಂಗಿಕೊಂಡಿದ್ದಳು.

ಬೀಗದಕ್ಕ ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿದಳು. ಈ ಹಾಳು ದಾಕ್ಷಿಣ್ಯ! ಅಪರಿಚಿತರ ಮುಂದೆ ಬೀಗ, ನಮ್ಮವರ ಮುಂದೆ ನಾಚಿಕೆ. ನೋಡ್ಕೊಳ್ಳಿ ಎಂದರೆ ಕಾಯಿರಿ ಎಂದು ಇವಳ ಅರ್ಥ. ಅವನು ಕೂತು ಚೆನ್ನಾಗಿ ನೋಡಿಕೊಂಡ.

* * *

ಸಂಜೆ ಹೋಟೆಲಿನ ಸಭಾ ಕೋಣೆಗೆ ನಾಲ್ವರೇ ಬಂದರು. ಬೀಗದಕ್ಕ ನಿನ್ನೆ ಹಜಾರದಲ್ಲಿ ಕಂಡೆ ಎಂದಿದ್ದನ್ನು ಬೆಣ್ಣೆಯ ಬಾಯಿಂದ ಮತ್ತೊಮ್ಮೆ ಹೇಳಿಸಿದಳು. ಒಂದಕ್ಷರ ಬಿಡದೆ ಹೇಳಿದ. ಆಮೇಲೆ ಅವನನ್ನು ಮಾರಾಟಗಾರ್ತಿಯ ಪಕ್ಕದಲ್ಲೇ ಕೂರಿಸಿ ಲ್ಯಾಪ್‌ಟಾಪು ತೆರೆಸಿದಳು.

"ಏನಿದೆ ಅಂತ ಓದಿ."

ಅವನು ಬಗ್ಗಿದ. ಮತ್ತೆ ಬಗ್ಗಿದ. ಮುಖದ ನಗು ಮಾಸಿತು. ಯಜಮಾನನೂ ಬಂದು ಅಲ್ಲಿ ಕೂತು ನೋಡಿದ. ಬರೀ ಕಪ್ಪು.

ಆಮೇಲೆ ಅವಳು ತಡೆಯದೆ ಹೇಳಿದಳು. ಪಕ್ಕದಲ್ಲಿ ಕೂತವರಿಗೆ ಈ ಪರದೆ ಕಾಣುವುದಿಲ್ಲ. ಮೆಸೇಜು ಪರದೆಯ ಮೇಲೆ ಬಂದಿದ್ದನ್ನು ಕಂಡವನು ನೇರ ಎದುರಿಗೆ ಕೂತಿರಬೇಕು. ಇವಳಂತೂ ಆಗ ಅಲ್ಲಿರಲೇ ಇಲ್ಲ. ಗಂಡನ ಫೋನು ತೋರಿಸುವ ಹೊತ್ತಿನ ಪ್ರಕಾರ, ಆ ಮೆಸೇಜು ಓದಿದ ಗುರುತು ಬಿದ್ದಾಗ ಇವಳು ಪೆಟ್ಟಿಗೆ ಹೊತ್ತು ನೆಲಮಾಳಿಗೆಯ ಲಿಫ್ಟಿನಲ್ಲಿದ್ದಳು. ಹೋಟೆಲಿನ ಕ್ಯಾಮೆರಾದಲ್ಲಿ ಅದನ್ನು ನಾನೇ ನೋಡಿ ಬಂದಿದ್ದೇನೆ. ನಕ್ಷೆಯ ಮೇಲೆ ಅಡ್ಡ ಬಂದ ಮೆಸೇಜನ್ನು ಸರಿಸಲು ಹೋಗಿ ಅವನು ತೆರೆದುಬಿಟ್ಟ. ಗಂಡಹೆಂಡಿರ ನಡುವೆ ಜಗಳ ಹತ್ತಿದ್ದು ಹಾಗೆ. ಮೇಲ್ ಮಾಡಿದರೆ ಕುರುಹು ಉಳಿಯುತ್ತದೆ ಎಂದು ತನ್ನ ಫೋನಿನಲ್ಲಿ ಫೋಟೋ ಹೊಡೆದ.

"ಫೋನ್ ಕೊಡಿ," ಎಂದ ಯಜಮಾನ.

ಬೆಣ್ಣೆ ತಕ್ಷಣ ಕೊಟ್ಟ. ಫೋಟೋಗಳನ್ನು ಅಳಿಸಿದ್ದೇನೆಂಬ ಧೈರ್ಯ ಅವನದು. ಅಳಿಸಿದ್ದು ಅಷ್ಟು ಬೇಗ ಸಾಯುವುದಿಲ್ಲ, ಕೆಲವು ದಿನ ಫೋನಿನ ಕಸದ ಬುಟ್ಟಿಯಲ್ಲೇ ಬಿದ್ದಿರುತ್ತದೆ ಎಂದು ಬೀಗದಕ್ಕ ಪ್ರತಿ ಪಾಠದಲ್ಲೂ ಹೇಳುತ್ತಿದ್ದಳು. ಅವನು ಒಂದಕ್ಕೂ ಬಂದವನಲ್ಲ. ಬುಟ್ಟಿ ತೆರೆದಳು. ಎಡಗಡೆಯ ಚಿಲಕ, ಎಡಗಡೆಯ ಕೀಲು, ಮೂಲೆಯಲ್ಲಿ ಮಗಳ ಹಲ್ಲಿನ ಸುದ್ದಿ.

ಬೆಣ್ಣೆ ಕರಗಿದ. ಎದುರಿನವರು ದೊಡ್ಡ ಹುದ್ದೆ ಕೊಡುತ್ತೇವೆಂದಿದ್ದರು, ಬರುವಾಗ ಬರಿಗೈಯಲ್ಲಿ ಬರಬೇಡ ಅಂದಿದ್ದರು ಎಂದು ತೊದಲಿದ. ಯಜಮಾನ ಹೋಟೆಲಿನ ಕಾವಲಿನವರನ್ನು ಕರೆಸಿ, ಪೊಲೀಸರಿಗೆ ಫೋನು ಮಾಡಿಸಿದ.

ನಂತರ ಮಾರಾಟಗಾರ್ತಿಯ ಕಡೆ ನೋಡಿ, ಆಗಿದ್ದಾಯಿತು, ಎಲ್ಲರಿಗೂ ನಾಳೆ ಒಂದು ಮೇಲ್ ಹಾಕುತ್ತೇನೆ ಎಂದ.

"ಕಳ್ಳಿ ಅಂತ ಬಾಯಲ್ಲಿ ಹೇಳಿದ್ರಿ," ಎಂದಳು ಬೀಗದಕ್ಕ. "ಅಲ್ಲ ಅನ್ನೋದನ್ನೂ ಬಾಯಲ್ಲೇ ಹೇಳಿ."

* * *

ಮೇಳ ಮುಚ್ಚುವ ಮೊದಲು ಯಜಮಾನ ಮಳಿಗೆಯ ಮುಂದೆ ನಿಂತ. ಬೆಳಗಿನವರೆಲ್ಲ ಸೇರಿದ್ದರು. ಬೆಳಗ್ಗೆ ಆಡಿದ ಮಾತು ತಪ್ಪು, ಈಕೆಯದೇನೂ ದೋಷವಿಲ್ಲ ಎಂದು ಕೋಟಿನ ಗುಂಡಿಗೆ ಹೇಳಿದಂತೆ ಹೇಳಿ ಮುಗಿಸಿದ.

ಮಾರಾಟಗಾರ್ತಿ ಥ್ಯಾಂಕ್ಸ್ ಹೇಳಲಿಲ್ಲ. ಒಂದು ಹೆಜ್ಜೆ ಮುಂದೆ ಬಂದಳು.

"ಹಿಂದೆ ನಿಂತೋರಿಗೆ ಕೇಳಿಸ್ಲಿಲ್ಲ ಸರ್. ಬೆಳಗ್ಗೆ ಹೇಳಿದಷ್ಟೇ ಗಟ್ಟಿಯಾಗಿ ಹೇಳಿ."

ಯಜಮಾನ ತಲೆ ಎತ್ತಿ, ಮತ್ತೊಮ್ಮೆ ಹೇಳಿದ.